ಮೂವತ್ತಮೂರನೆಯ ಗುಂಡಿ

ಏಳು ಬೆಟ್ಟ ಹತ್ತಿ, ಏಳು ಹೊಳೆ ದಾಟಿ, ಏಳನೆಯ ಹೊಳೆಯ ಆಚೆ ದಡದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೆ ಒಬ್ಬ ದರ್ಜಿಯ ಮನೆ ಸಿಗುತ್ತಿತ್ತಂತೆ. ಅವನು ರಾಜನಿಗೆ ಒಂದು ಅಂಗಿ ಹೊಲಿದುಕೊಡುತ್ತೇನೆಂದು ಮಾತು ಕೊಟ್ಟಿದ್ದನಂತೆ. ನಮ್ಮಜ್ಜಿ ಹೀಗೆ ಶುರು ಮಾಡಿದಳೆಂದರೆ ನಾನು ಅವಳ ಮಂಡಿಗೆ ಗಲ್ಲ ಊರಿ ಕೂತುಬಿಡುತ್ತಿದ್ದೆ. ಅಜ್ಜಿಯ ಕಥೆಗಳಿಗೆ ಇದ್ದದ್ದು ಒಂದೇ ಕಾನೂನು. ಕಥೆಯೊಳಗೆ ಯಾರಾದರೂ ಮಾತು ಕೊಟ್ಟರೆ ಅದು ತೀರುವ ತನಕ ಕೇಳುವವರು ಏಳುವ ಹಾಗಿಲ್ಲ. ತೀರಿದ ಮೇಲೆ ಹೇಳುವವರು ಒಂದು ಮಾತೂ ಹೆಚ್ಚಿಗೆ ಆಡುವ ಹಾಗಿಲ್ಲ.

ನಾನು ಹೇಳಲಿರುವ ದರ್ಜಿಗಾಗಿ ಅಷ್ಟು ಚಪ್ಪಲಿ ಸವೆಸಬೇಕಿಲ್ಲ. ಚರ್ಚಿನ ಗೇಟು ದಾಟಿ, ಬ್ರೆಡ್ಡಿನ ಅಂಗಡಿ ದಾಟಿದರೆ ಮೂರನೆಯ ಬಾಗಿಲು. ನನ್ನ ಅಮ್ಮನ ತಮ್ಮ, ನನಗೆ ಮಾವ, ಊರಿಗೆಲ್ಲ 'ಶನಿವಾರದ ಮಾಸ್ಟ್ರು'. ಯಾವ ವಾರ ಹೋಗಿ ಯಾವ ಬಟ್ಟೆ ಕೇಳಿದರೂ ಮಾವ ಕೊರಳಲ್ಲಿದ್ದ ಟೇಪನ್ನು ಒಮ್ಮೆ ಎಳೆದುಕೊಂಡು, "ಶನಿವಾರ ಬನ್ನಿ, ಗುಂಡಿ ಒಂದು ಬಾಕಿ" ಅನ್ನುತ್ತಿದ್ದರು. ಯಾವ ಶನಿವಾರ ಅಂತ ಕೇಳುವಷ್ಟು ಒರಟರು ನಮ್ಮೂರಿನಲ್ಲಿ ಇರಲಿಲ್ಲ.

ಇಷ್ಟಕ್ಕೆಲ್ಲ ಮೂಲ ಅಂಗಡಿಯ ಬೋರ್ಡು. ಮಾವ ಹೊಲಿಯುತ್ತಿದ್ದದ್ದು ಶಾಲೆಯ ಮಕ್ಕಳ ಸಮವಸ್ತ್ರ, ದಿಂಬಿನ ಚೀಲ, ಕಿಟಕಿಯ ಪರದೆ. ಬೋರ್ಡು ಬರೆಯಲು ಬಂದ ಪೇಂಟರ್ ಇಷ್ಟನ್ನೂ ಬರೆದು ಮುಗಿಸಿದಾಗ ಕೆಳಗೆ ಒಂದು ಸಾಲಿನ ಜಾಗ ಉಳಿಯಿತು. ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಅಂದ ಅವನು. ಮಾವ ಎದುರಿಗಿದ್ದ ಚರ್ಚಿನ ಗೋಪುರವನ್ನು ನೋಡಿದರು, ಬಣ್ಣದ ಡಬ್ಬಿಯನ್ನು ನೋಡಿದರು, ಬರೆಸಿಯೇ ಬಿಟ್ಟರು: 'ಗುರುಗಳ ನಿಲುವಂಗಿಗಳ ವಿಶೇಷ ತಜ್ಞರು.'

ಬಣ್ಣ ಒಣಗುವ ಮೊದಲೇ ನಮ್ಮ ಚರ್ಚಿನ ಹಿರಿಯ ಗುರುಗಳು ಆ ದಾರಿಯಲ್ಲಿ ಬಂದರು. ನಿಂತು ಓದಿದರು. ಅವರ ಮೈಮೇಲಿದ್ದ ಬಿಳಿ ನಿಲುವಂಗಿ ಬಿಳಿಯಾಗಿದ್ದದ್ದನ್ನು ಕಂಡವರು ಊರಲ್ಲಿ ಇಬ್ಬರೋ ಮೂವರೋ ಬದುಕಿದ್ದರು. ಈಗ ಅದು ಹಾಲು ಕಡಿಮೆ ಹಾಕಿದ ಚಹಾದ ಬಣ್ಣಕ್ಕೆ ತಿರುಗಿ, ಎರಡೂ ಮೊಣಕೈಗೆ ತೇಪೆ ಬಿದ್ದಿತ್ತು. ಮಾರನೆಯ ದಿನ ಗುರುಗಳು ತಮ್ಮ ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷ ಮಡಚಿಟ್ಟಿದ್ದ ಒಳ್ಳೆಯ ಬಿಳಿ ಬಟ್ಟೆಯನ್ನು ತಂದು ಮಾವನ ಮೇಜಿನ ಮೇಲಿಟ್ಟರು. "ಇಷ್ಟು ಹತ್ತಿರ ತಜ್ಞರಿರೋದು ನನಗೆ ಗೊತ್ತೇ ಇರಲಿಲ್ಲ ನೋಡಿ" ಅಂದರು. ಮಾವ ಶನಿವಾರ ಬನ್ನಿ ಅಂದರು.

ಅದಾಗಿ ಎಪ್ಪತ್ತೆಂಟು ಶನಿವಾರಗಳು ಕಳೆದವು.

ಮಾವ ಸುಮ್ಮನೆ ಕೂತಿದ್ದರು ಅಂತಲ್ಲ. ಗುರುಗಳ ನಿಲುವಂಗಿಗೆ ಕೊರಳಿನಿಂದ ಪಾದದವರೆಗೆ ಮೂವತ್ತಮೂರು ಗುಂಡಿ. ನಮ್ಮ ಕರ್ತರು ಈ ಭೂಮಿಯ ಮೇಲೆ ಬದುಕಿದ ಒಂದೊಂದು ವರ್ಷಕ್ಕೆ ಒಂದೊಂದು. ಮೂವತ್ತಮೂರು ಗುಂಡಿಗೆ ಮೂವತ್ತಮೂರು ಕಾಜ. ಗುಂಡಿ ತೂರಿಸುವ ಆ ಸಣ್ಣ ಸೀಳನ್ನು ಮೆಷಿನ್ನಿನಲ್ಲಿ ಹೊಲಿಯುವುದು ಗುರುಗಳಿಗೆ ಅವಮಾನ ಅಂತ ಮಾವ ತೀರ್ಮಾನಿಸಿದ್ದರು. ಕೈಯಲ್ಲೇ ಹೊಲಿದರು, ಸರಿಬರಲಿಲ್ಲ ಅಂತ ಬಿಚ್ಚಿದರು, ಮತ್ತೆ ಹೊಲಿದರು. ಹನ್ನೊಂದನೆಯ ಕಾಜವನ್ನು ಒಂದು ಮಳೆಗಾಲ ಪೂರ್ತಿ ಹೊಲಿದರು. ಅತ್ತೆಯ ಮಾತು ಚರ್ಚಿನ ಮೆಟ್ಟಿಲಿನವರೆಗೂ ಹಬ್ಬಿತ್ತು. "ಕರ್ತರು ಮೂವತ್ತಮೂರು ವರ್ಷಕ್ಕೆ ಲೋಕಾನೇ ಉದ್ಧಾರ ಮಾಡಿ ಹೊರಟುಹೋದ್ರು. ಇವರು ಅಷ್ಟೂ ವರ್ಷ ತಗೊಂಡು ಒಂದು ಅಂಗಿ ಹೊಲೀತಾರೆ."

ಹೀಗಿರುವಾಗ ಗುರುಗಳು ದೀಕ್ಷೆ ಪಡೆದು ಐವತ್ತು ವರ್ಷ ತುಂಬುವ ಭಾನುವಾರ ಹತ್ತಿರ ಬಂತು. ಬಿಷಪ್ಪರು ಬರುತ್ತಾರೆ ಅಂತಾಯಿತು. ಚರ್ಚಿನ ಪಾಲನಾ ಮಂಡಳಿಯ ಕಾರ್ಯದರ್ಶಿಗಳು ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ನಿವೃತ್ತರಾದವರು. ಗಡಿಯಾರ ತಪ್ಪಬಹುದು, ಅವರು ತಪ್ಪುವವರಲ್ಲ. ಅವರು ಯಾರಿಗೂ ಹೇಳದೆ ನಗರದಿಂದ ಒಂದು ಸಿದ್ಧ ನಿಲುವಂಗಿ ತರಿಸಿ, ರಟ್ಟಿನ ಡಬ್ಬಿ ಸಮೇತ ಚರ್ಚಿನ ಒಳಕೋಣೆಯಲ್ಲಿ ಇಟ್ಟರು. ಯಾರಿಗೂ ಹೇಳದ್ದರಿಂದ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಅದಕ್ಕೆ ಒಂದು ವಾರ ಮುಂಚಿನ ಭಾನುವಾರ ಪೂಜೆ ಬಿಟ್ಟ ಮೇಲೆ, ಎಲ್ಲರೂ ಮೆಟ್ಟಿಲಿಳಿಯುತ್ತಿರುವಾಗ ಮಾವ ಕಾರ್ಯದರ್ಶಿಗಳನ್ನು ಅಡ್ಡಗಟ್ಟಿದರು. ಕಾಜ ಎಲ್ಲ ಮುಗಿದಿದೆ, ಇನ್ನು ಗುಂಡಿ ಮಾತ್ರ, ಬರುವ ಶನಿವಾರ ಸಂಜೆ ಆರರ ಗಂಟೆಗೆ ಅಂಗಿ ಗುರುಗಳ ಮೈಮೇಲೆ ಇರದಿದ್ದರೆ ಬೋರ್ಡನ್ನು ನನ್ನ ಕೈಯಾರೆ ಇಳಿಸುತ್ತೇನೆ ಅಂದರು. ಕಾರ್ಯದರ್ಶಿಗಳು ಜೇಬಿನಿಂದ ಗಡಿಯಾರ ತೆಗೆದರು.

"ಆರರ ಗಂಟೆ ಶುರುವಾಗೋ ಮೊದಲೋ, ನಿಲ್ಲೋ ಮೊದಲೋ?"

ಎಲ್ಲಿ ಒಂದು ಗಳಿಗೆ ಹೆಚ್ಚು ಸಿಕ್ಕರೂ ಬಿಡದ ಮಾವ, "ನಿಲ್ಲೋ ಮೊದಲು" ಅಂದರು. ನಮ್ಮ ಚರ್ಚಿನ ಸಂಜೆಯ ಗಂಟೆ ಮೂರು, ಮೂರು, ಮೂರು, ಕೊನೆಗೆ ಒಂಬತ್ತು. ಒಟ್ಟು ಹದಿನೆಂಟು ಏಟು. ಕಾರ್ಯದರ್ಶಿಗಳು ಇದನ್ನೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಆ ಶನಿವಾರವೇ ಚರ್ಚಿನ ವರ್ಷದ ಪ್ರವಾಸ. ಎರಡು ಬಸ್ಸು ಮಾಡಿಕೊಂಡು ಇಡೀ ಚರ್ಚೇ ಕೆರೆಗೆ ಹೋಗುವುದು, ಊಟ ಮಾಡುವುದು, ದೋಣಿಯಲ್ಲಿ ಆಚೆ ದಡಕ್ಕೆ ದಾಟಿ ಅಲ್ಲಿನ ಪುಟ್ಟ ಶಿಲುಬೆಯ ಮುಂದೆ ಜಪಸರ ಹೇಳುವುದು, ನಾಲ್ಕಕ್ಕೆ ಹೊರಡುವುದು. ಗುರುಗಳು ಮಂಡಿನೋವಿನಿಂದ ಊರಲ್ಲೇ ಉಳಿದರು. ಮಾವ ಉಳಿದು ಗುಂಡಿ ಹಾಕಬೇಕಿತ್ತು. ಆದರೆ ಇನ್ನೂರು ಬೇಯಿಸಿದ ಮೊಟ್ಟೆ ಅತ್ತೆಯ ಜವಾಬ್ದಾರಿಯಾಗಿದ್ದು, ಅದನ್ನು ಹೊರಲು ಗಂಡ ಬೇಕಿತ್ತು. ಗುಂಡಿ ಏನು ಮಹಾ, ಮರದ ನೆರಳಲ್ಲಿ ಕೂತು ಹಾಕಿಬಿಡುತ್ತೇನೆ ಅಂತ ಮಾವ ಅಂಗಿಯನ್ನು ಹಾಸಿಗೆಯ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಮೂವತ್ತಮೂರಕ್ಕೆ ಮೂವತ್ತಮೂರೂ ಬಾಕಿ.

ಕೆರೆಯ ದಡದಲ್ಲಿ ಮಾವ ಅಂಗಿಯನ್ನು ತಾವೇ ತೊಟ್ಟುಕೊಂಡರು. ಇದು ಅವರ ಕೆಲಸದ ರೀತಿ. ಗುರುಗಳನ್ನೂ ಮಾವನನ್ನೂ ದೇವರು ಒಂದೇ ಅಳತೆಗೆ ಕತ್ತರಿಸಿದ್ದ. ಎತ್ತರವೂ ಅಷ್ಟೆ, ಹೊಟ್ಟೆಯೂ ಅಷ್ಟೆ. ಮೇಜಿನ ಮೇಲೆ ಹಾಸಿ ಗುಂಡಿಗೆ ಗುರುತು ಮಾಡಿದರೆ ಹೊಟ್ಟೆಯ ಹತ್ತಿರ ಸೀಳು ಬಾಯಿ ತೆರೆಯುತ್ತದೆ ಅಂತ ಅವರ ವಾದ. ಹಾಗಾಗಿ ಮುಂಭಾಗಕ್ಕೆ ಪಿನ್ನು ಚುಚ್ಚಿಕೊಂಡು, ನಿಂತು, ಬಗ್ಗಿ, ಉಸಿರು ಬಿಟ್ಟು, ಸೀಮೆಸುಣ್ಣದಲ್ಲಿ ಮೂವತ್ತಮೂರು ಚುಕ್ಕೆ ಇಟ್ಟರು. ಅಷ್ಟರಲ್ಲಿ ಊಟದ ಕರೆ ಬಂತು. ಆರು ಮೊಟ್ಟೆ, ಎಂಟು ತುಂಡು ಬ್ರೆಡ್ಡು, ಮೇಲೆ ತಣ್ಣನೆಯ ಗಾಳಿ. ಮಾವ ಮರಕ್ಕೆ ಒರಗಿದವರು ಹಾಗೇ ಗೊರಕೆಗೆ ಇಳಿದರು.

ಇಲ್ಲಿ ನಾನು ನನ್ನ ಪಾಲಿನದನ್ನು ಹೇಳಬೇಕು. ಆಗ ನನಗೆ ಹದಿನೆಂಟು, ಮಾವನ ಮಗಳಿಗೆ ಹದಿನೇಳು. ಇಬ್ಬರಿಗೂ ಸೇರಿ ಬುದ್ಧಿ ಎಂಟು ವರ್ಷದ್ದು ಅನ್ನುವುದು ಅತ್ತೆಯ ಅಂದಾಜು. ಅಜ್ಜಿಯ ಕಥೆಯಲ್ಲಿ ನಿದ್ದೆ ಹೋದ ದೈತ್ಯನ ಗಡ್ಡವನ್ನು ಹುಡುಗಿಯರು ಮರಕ್ಕೆ ಕಟ್ಟಿಬಿಡುತ್ತಾರೆ. ಮಾವನಿಗೆ ಗಡ್ಡವಿರಲಿಲ್ಲ. ಸೂಜಿ ಇತ್ತು, ಉದ್ದ ದಾರ ಪೋಣಿಸಿ ಪಕ್ಕದಲ್ಲಿಟ್ಟದ್ದು. ನಾವು ಪಿನ್ನುಗಳನ್ನು ಒಂದೊಂದಾಗಿ ತೆಗೆದು, ಎರಡೆಳೆಯ ದಾರದಲ್ಲಿ ಆ ಅಂಗಿಯ ಮುಂಭಾಗವನ್ನು ಕೊರಳಿನಿಂದ ಅಂಚಿನವರೆಗೆ ಹೊಲಿದುಬಿಟ್ಟೆವು. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋಗುವ ಹೊಲಿಗೆ. ಮಾವನೇ ಕಲಿಸಿದ್ದು, ಎತ್ತು ಎಳೆದರೂ ಬಿಚ್ಚುವುದಿಲ್ಲ ಅಂತ ಹೆಮ್ಮೆಯಿಂದ ಕಲಿಸಿದ್ದು. ಹೊಲಿಗೆ ಮುಗಿದ ಮೇಲೆ ಮಾವನ ಮಗಳು ಕತ್ತರಿಯನ್ನೂ ಸೂಜಿಯನ್ನೂ ಮೊಟ್ಟೆಯ ಬುಟ್ಟಿಗೆ ಹಾಕಿ ಅದರ ಮೇಲೆ ಬಟ್ಟೆ ಮುಚ್ಚಿದಳು. ಒಂದೇ ನಿಮಿಷದ ತಮಾಷೆ ಅಂತ ನಮ್ಮ ಲೆಕ್ಕ.

ಅತ್ತೆ ಬಂದು ಬುಟ್ಟಿಯನ್ನೂ ಮಗಳನ್ನೂ ಎತ್ತಿಕೊಂಡು ದೋಣಿ ಹತ್ತಿದರು. ಸಾಮಾನು ನೋಡಿಕೋ, ಒಂದೂವರೆಗೆ ಮಾವನನ್ನು ಎಬ್ಬಿಸು ಅಂತ ನನಗೆ ಹೇಳಿದರು. ಒಂದು ಗಂಟೆ ಇಪ್ಪತ್ತೈದು ನಿಮಿಷದವರೆಗೆ ನನಗೆ ನೆನಪಿತ್ತು. ಆಮೇಲೆ ಒಂದು ಮೋಡ ಕುದುರೆಯ ಹಾಗೆ ಬಂದು, ಒಂಟೆಯಾಗಿ, ಒಂಟೆಯ ಮೇಲೆ ಯಾರೋ ಕೂತ ಹಾಗೆ ಕಂಡು... ಒಟ್ಟಿನಲ್ಲಿ ಮಾವ ತಾವಾಗಿಯೇ ಎದ್ದಾಗ ಮೂರು ಗಂಟೆ. ದಡದಲ್ಲಿ ನಾವಿಬ್ಬರೇ.

ಮಾವ ಅಂಗಿ ತೆಗೆಯಲು ಕೈ ಹಾಕಿದರು. ಕೊರಳಲ್ಲಿ ನೋಡಿದರು, ಎದೆಯಲ್ಲಿ ನೋಡಿದರು, ಮಂಡಿಯಲ್ಲಿ ನೋಡಿದರು. ಮೊದಲು ಕಸುಬುದಾರನ ಕಣ್ಣಿಂದ, "ಹೊಲಿಗೆ ಒಳ್ಳೆ ನೇರ ಬಂದಿದೆ" ಅಂದರು. ಆಮೇಲೆ ಅದು ತಮ್ಮ ಮೇಲೆಯೇ ಇದೆ ಅನ್ನುವುದು ತಲೆಗೆ ಹೋಯಿತು.

ನಾನು ಒಪ್ಪಿಕೊಂಡೆ. ಬೈಯಲು ಅವರಿಗೆ ಪುರುಸೊತ್ತಿರಲಿಲ್ಲ. ಎಲ್ಲ ದರ್ಜಿಗಳ ಹಾಗೆ ಅವರ ಇನ್ನೊಂದು ಸೂಜಿ ಇದ್ದದ್ದು ಷರಟಿನ ಎದೆಯಲ್ಲಿ, ಗುಂಡಿಗಳಿದ್ದದ್ದು ಷರಟಿನ ಜೇಬಲ್ಲಿ, ದಾರದ ಉಂಡೆ ಪ್ಯಾಂಟಿನ ಜೇಬಲ್ಲಿ. ಇಡೀ ಅಂಗಡಿಯೇ ಅಂಗಿಯ ಒಳಗೆ ಬೀಗ ಬಿದ್ದಿತ್ತು. ತಲೆಯ ಮೇಲಿಂದ ಎಳೆದು ತೆಗೆಯಲು ಕೊರಳು ಬಿಡಲಿಲ್ಲ. ಹರಿದು ತೆಗೆಯುವ ಮಾತನ್ನು ನಾನು ಎತ್ತಿದೆ. ಗುರುಗಳು ಇಪ್ಪತ್ತು ವರ್ಷ ಕಾಪಾಡಿದ ಬಟ್ಟೆ ಅದು ಅಂತ ಮಾವ ಎರಡೂ ಕೈಯಲ್ಲಿ ಎದೆ ಮುಚ್ಚಿಕೊಂಡರು. "ಪುಟ್ಟಿ, ಗಂಟು ಎಲ್ಲಿ ಹಾಕಿದ್ರಿ?"

ಗಂಟು ಕೆಳಗೆ, ಅಂಚಿನಲ್ಲಿತ್ತು. ನಾನು ಮಂಡಿಯೂರಿ, ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಗಂಟನ್ನು ಹಲ್ಲಿನಿಂದ ಕಚ್ಚತೊಡಗಿದೆ. ನೋವಿಗೋ ಅವಸರಕ್ಕೋ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಮಾವ ಅಳಬೇಡ ಅಂತ ತಲೆಯ ಮೇಲೆ ಕೈಯಿಟ್ಟರು.

ಸರಿಯಾಗಿ ಆಗಲೇ ದೋಣಿಕಟ್ಟೆಯ ಗುಮಾಸ್ತರು ಮರದ ಆಚೆಯಿಂದ ಬಂದರು. ಅವರು ಕಂಡದ್ದು ಇಷ್ಟು: ಬಿಳಿ ನಿಲುವಂಗಿಯ ಒಬ್ಬ ಗುರುಗಳು, ಕಾಲ ಬಳಿ ಅವರ ಅಂಗಿಯ ಅಂಚಿಗೆ ಮುತ್ತಿಟ್ಟು ಅಳುತ್ತಿರುವ ಒಬ್ಬ ಹುಡುಗಿ. ಅವರು ಅಲ್ಲೇ ಟೋಪಿ ತೆಗೆದರು.

ಅವತ್ತು ಕೆರೆಗೆ ಹೊಸ ಮೋಟಾರು ದೋಣಿ ಬಂದಿತ್ತಂತೆ. ಮೂರು ಗಂಟೆಗೆ ಆಶೀರ್ವಾದ ಮಾಡಲು ಒಬ್ಬರು ದೊಡ್ಡ ಗುರುಗಳು ಬರುತ್ತೇನೆ ಅಂದಿದ್ದರಂತೆ. ಕೆರೆ ನೋಡಿಕೊಳ್ಳುವ ಸಾಹೇಬರು ಕಾದು ಕಾದು ಕೆಂಪಾಗಿದ್ದರಂತೆ. ಫಾದರ್ ಇಲ್ಲಿ ಸದ್ದಿಲ್ಲದೆ ಮರದಡಿ ಧ್ಯಾನ ಮಾಡುತ್ತಿದ್ದರೆ ನಮಗೆ ಹೇಗೆ ಗೊತ್ತಾಗಬೇಕು ಅಂತ ಗುಮಾಸ್ತರು ಒಂದೇ ಉಸಿರಿಗೆ ಹೇಳಿ ಮುಗಿಸಿದರು.

"ಅಯ್ಯೋ, ನಾನು ಟೈಲರ್ ಕಣ್ರೀ" ಅಂದರು ಮಾವ.

ಗುಮಾಸ್ತರ ಮುಖ ಕರಗಿಹೋಯಿತು. "ಎಂಥಾ ವಿನಯ ಫಾದರ್ ನಿಮ್ಮದು. ನಮ್ಮ ಕರ್ತರೂ ಬಡಗಿಯೇ ಅಲ್ವಾ."

ಮಾವ ಬರುವುದಿಲ್ಲ ಅಂದರು, ಆಗುವುದಿಲ್ಲ ಅಂದರು, ಪಾಪ ಬರುತ್ತದೆ ಅಂದರು. ಒಂದೊಂದು ಮಾತಿಗೂ ಗುಮಾಸ್ತರ ಭಕ್ತಿ ಒಂದೊಂದು ಮೆಟ್ಟಿಲು ಮೇಲೇರಿತು. ಅಷ್ಟರಲ್ಲಿ ಮಾವನ ಕಣ್ಣು ದೋಣಿಕಟ್ಟೆಯ ಕಡೆ ಹೋಯಿತು. ಹೊಸ ದೋಣಿಯ ಮೂತಿಗೆ ಕೆಂಪು ರಿಬ್ಬನ್ನು ಕಟ್ಟಿತ್ತು. ಪಕ್ಕದಲ್ಲಿ ಸಣ್ಣ ಮೇಜು. ಮೇಜಿನ ಮೇಲೆ ತಟ್ಟೆ. ತಟ್ಟೆಯಲ್ಲಿ, ಬಿಸಿಲಿಗೆ ಹೊಳೆಯುತ್ತ, ಒಂದು ಕತ್ತರಿ.

"ನಡೀರಿ" ಅಂದರು ಮಾವ.

ಕೆರೆಯ ಸಾಹೇಬರು ದಪ್ಪ ಮೀಸೆಯ ಮನುಷ್ಯ. ಕೆರೆಯಲ್ಲಿ ಅಲೆ ಏಳಬೇಕಾದರೂ ತಮ್ಮ ಒಪ್ಪಿಗೆ ಬೇಕು ಅನ್ನುವ ಹಾಗೆ ನಿಂತಿದ್ದರು. ಸುತ್ತ ಹತ್ತು ಹದಿನೈದು ಜನ ಸಿಬ್ಬಂದಿ. ಮೊದಲು ಪ್ರಾರ್ಥನೆ, ಆಮೇಲೆ ಕತ್ತರಿ ಅಂತ ಕ್ರಮ ಹೇಳಿದರು. ಮಾವ ಕತ್ತರಿಯಿಂದ ಕಣ್ಣು ತೆಗೆಯದೆ ಕೈ ಜೋಡಿಸಿದರು. ಗುರುಗಳ ಪ್ರಾರ್ಥನೆಯನ್ನು ತಾನು ಹೇಳಿದರೆ ನಾಲಿಗೆ ಬಿದ್ದುಹೋಗುತ್ತದೆ ಅನ್ನುವ ಭಯ ಅವರಿಗೆ. ಯಾರು ಬೇಕಾದರೂ ಹೇಳಬಹುದಾದ್ದು ಅಂತ ಆ ಗಾಬರಿಯಲ್ಲಿ ಹೊಳೆದದ್ದು ಒಂದೇ: ದಿನಾ ತಟ್ಟೆಯ ಮುಂದೆ ಕೂತು ಹೇಳುವ ಊಟದ ಪ್ರಾರ್ಥನೆ. ಅದನ್ನೇ ಗಟ್ಟಿಯಾಗಿ ಹೇಳಿದರು. "ಕರ್ತರೇ, ನಾವು ಈಗ ಸೇವಿಸಲಿರುವ ಈ ಆಹಾರವನ್ನು ಆಶೀರ್ವದಿಸಿರಿ."

ಸಾಹೇಬರು ಒಂದು ಕಣ್ಣು ತೆರೆದು ದೋಣಿಯನ್ನು ನೋಡಿದರು. ಇದರಲ್ಲಿ ಆಹಾರ ಯಾವುದು, ಸೇವಿಸುವವರು ಯಾರು ಅಂತ ಅವರಿಗೆ ಸ್ವಲ್ಪ ಅಳುಕಾದ ಹಾಗಿತ್ತು. ಆದರೂ ಎಲ್ಲರ ಜೊತೆ ಆಮೆನ್ ಅಂದರು.

ಆಮೆನ್ ಮುಗಿಯುವ ಮೊದಲೇ ಮಾವ ತಟ್ಟೆಗೆ ಕೈ ಚಾಚಿದ್ದರು. ರಿಬ್ಬನ್ನನ್ನು ಫಾದರೇ ಕತ್ತರಿಸುತ್ತಾರೆ ಅಂತ ಜನ ಚಪ್ಪಾಳೆ ಹೊಡೆದರು. ಮಾವ ರಿಬ್ಬನ್ನಿನ ಕಡೆ ನೋಡಲೇ ಇಲ್ಲ. ಕತ್ತರಿ ಬಿಡಿಸಿ, ಗಲ್ಲ ಮೇಲೆತ್ತಿ, ತುದಿಯನ್ನು ತಮ್ಮ ಕೊರಳ ಕೆಳಗೆ ತೂರಿಸಿದರು. ಕಿರ್ರ್ ಅಂತ ಮೊದಲ ಹೊಲಿಗೆ ಬಿಟ್ಟಿತು.

ಚಪ್ಪಾಳೆ ನಿಂತಿತು.

"ಫಾದರ್" ಅಂದರು ಸಾಹೇಬರು. "ಅವಸರ ಮಾಡ್ಬೇಡಿ. ಏನೇ ಆಗಿರಲಿ, ದೀಕ್ಷೆ ಬಿಡೋದು ಅಂದ್ರೆ ಸಣ್ಣ ಮಾತಲ್ಲ."

ಗುಮಾಸ್ತರು ಹಿಂದಿನಿಂದ ಬಂದು ಮಾವನ ತೋಳು ತಬ್ಬಿಕೊಂಡರು. ಕತ್ತರಿ ಕೈ ಜಾರಿ, ಕಟ್ಟೆಯ ಹಲಗೆಗೆ ಬಡಿದು, ಚೆಂದವಾಗಿ ಒಂದು ಸುತ್ತು ತಿರುಗಿ, ಕೆರೆಗೆ ಬಿತ್ತು. ಮಾವ ಅದು ಮುಳುಗಿದ ಜಾಗವನ್ನೇ ನೋಡುತ್ತ ನಿಂತರು. ಆ ಮುಖ ಕಂಡು ಸಿಬ್ಬಂದಿಯಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಸಾಹೇಬರು ಎಲ್ಲರಿಗೂ ಇಂಥ ದಿನ ಬರುತ್ತದೆ ಅಂದರು. ನಾನು ಕೂಡ ಹೋದ ವರ್ಷ ರಾಜೀನಾಮೆ ಬರೆದು ಮೂರು ದಿನ ಜೇಬಲ್ಲಿ ಇಟ್ಟುಕೊಂಡು ತಿರುಗಿದ್ದೆ ಅಂದರು. ಯಾರೋ ನಿಂಬೆಹಣ್ಣಿನ ಷರಬತ್ತು ತಂದರು. ನಾನು ನಡುವೆ ನುಗ್ಗಿ, ಇವರು ನನ್ನ ಮಾವ, ಅಂಗಿಯನ್ನು ಹೊಲಿದದ್ದು ನಾವು ಅಂದೆ. ಪಾಪ, ಹುಡುಗಿಗೆ ತುಂಬ ಆಘಾತವಾಗಿದೆ ಅಂತ ನನಗೂ ಒಂದು ಲೋಟ ಕೊಟ್ಟರು.

ಅಷ್ಟರಲ್ಲಿ ಆಚೆ ದಡದಿಂದ ಮೊದಲ ದೋಣಿ ವಾಪಸು ಬರುವುದು ಕಂಡಿತು. ಮುಂದೆ ನಿಂತಿದ್ದ ಮಾವನ ಮಗಳು ಕೈಬೀಸಿ, "ಅಪ್ಪಾ" ಅಂತ ಕೂಗಿದಳು.

ಸಾಹೇಬರು ಹಿಂದೆ ತಿರುಗಿ ನೋಡಿದರು. ಅಪ್ಪ ಆಗಬಹುದಾದ ವಯಸ್ಸಿನವರು ಅಲ್ಲಿ ಅವರೂ ಮಾವನೂ ಮಾತ್ರ ಇದ್ದರು. ತಾವಲ್ಲ ಅನ್ನುವುದು ಸಾಹೇಬರಿಗೆ ಗೊತ್ತಿತ್ತು.

ಅತ್ತೆ ದೋಣಿಯಿಂದ ಇಳಿದವರೇ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಕಟ್ಟೆಯ ಮೇಲೆ ನೇರ ನಡೆದು ಬಂದರು. ಷರಬತ್ತಿನ ಲೋಟ ಹಿಡಿದು ನಿಂತಿದ್ದ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಮೂವತ್ತಮೂರು ಗುಂಡಿ ಬಾಕಿ ಇಟ್ಕೊಂಡು ಇಲ್ಲಿ ಉಪಚಾರ ಮಾಡಿಸ್ಕೊಳ್ತಾ ಇದ್ದೀರಾ?"

"ಅಮ್ಮಾ, ಫಾದರ್ ಮನಸ್ಸಿಗೆ ನೋವಾಗಿದೆ" ಅಂದರು ಗುಮಾಸ್ತರು. "ಗುರುಪಟ್ಟ ಬಿಡ್ತೀನಿ ಅಂತಿದ್ದಾರೆ."

"ಬಿಡೋಕೆ ಇವರ ಹತ್ರ ಅದೆಲ್ಲಿದೆ? ಇಪ್ಪತ್ತೆರಡು ವರ್ಷದಿಂದ ನನ್ನನ್ನೇ ಬಿಟ್ಟಿಲ್ಲ."

ಗುಮಾಸ್ತರು ಕಟ್ಟೆಯ ಮೇಲೆಯೇ ಕೂತುಬಿಟ್ಟರು.

ಮಾವನ ಮಗಳು ತಲೆ ತಗ್ಗಿಸಿಕೊಂಡು ಬುಟ್ಟಿಯ ಬಟ್ಟೆ ಸರಿಸಿದಳು. ಮೊಟ್ಟೆಯ ಸಿಪ್ಪೆಗಳ ನಡುವೆ ಕತ್ತರಿ. ಅತ್ತೆಗೆ ಎಲ್ಲ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ನಮ್ಮಿಬ್ಬರನ್ನು ನೋಡಿದ ನೋಟದಲ್ಲಿ ಮುಂದಿನ ಆರು ತಿಂಗಳ ಪಾತ್ರೆ ತೊಳೆಯುವ ಕೆಲಸ ಹಂಚಿಕೆಯಾಯಿತು. ಆಮೇಲೆ ಕತ್ತರಿ ತೆಗೆದು, ಬಟ್ಟೆಗೆ ಒಂದು ಗೀರೂ ಬೀಳದ ಹಾಗೆ ಕೊರಳಿನಿಂದ ಪಾದದವರೆಗೆ ಹೊಲಿಗೆ ಬಿಡಿಸಿದರು. ಒಳಗಿಂದ ಬೆವರಿದ ಷರಟು, ಹಳೆಯ ಪ್ಯಾಂಟು, ಎದೆಯಲ್ಲಿ ಸೂಜಿ ಚುಚ್ಚಿಕೊಂಡ ನಮ್ಮ ಮಾವ ಹೊರಗೆ ಬಂದರು.

ಈಗ ಸಾಹೇಬರು ಕೆಂಪಾದರು. ಇದು ವೇಷ ಹಾಕಿ ಮೋಸ ಮಾಡಿದ ಪ್ರಕರಣ, ಲಿಖಿತ ಹೇಳಿಕೆ ಕೊಡದೆ ಯಾರೂ ಕೆರೆ ಬಿಟ್ಟು ಹೋಗುವ ಹಾಗಿಲ್ಲ ಅಂದರು. ತಾನು ದರ್ಜಿಯೇ ಅಂತ ತೋರಿಸಲು ಮಾವ ಜೇಬಿನಲ್ಲಿದ್ದದ್ದನ್ನೆಲ್ಲ ಕಟ್ಟೆಯ ಮೇಲೆ ಸುರಿದರು. ದಾರದ ಉಂಡೆ, ಟೇಪು, ಸೀಮೆಸುಣ್ಣ, ಒಂದು ಹಿಡಿ ಬಿಳಿ ಗುಂಡಿ. ಹಲಗೆಯ ಸಂದಿನಿಂದ ಕೆಳಗೆ ಪ್ಳಕ್ ಅಂತ ಸಣ್ಣ ಸದ್ದಾಯಿತು. ಮೀನಿರಬೇಕು ಅಂದುಕೊಂಡೆ.

"ಹಾಗಾದ್ರೆ ನಮ್ಮ ದೋಣಿಗೆ ಆಗಿದ್ದೇನು?" ಅಂತ ಸಾಹೇಬರು ಕೇಳಿದರು. "ಅದು ಆಶೀರ್ವಾದವೋ ಅಲ್ಲವೋ?"

"ಯಾವ ಪ್ರಾರ್ಥನೆ ಹೇಳಿದ್ರು?" ಅಂತ ಜನರ ಹಿಂದಿನಿಂದ ಒಂದು ದನಿ ಬಂತು. ತೋಳು ಮಡಚಿದ ಷರಟು, ಹಣೆಗೂ ಕೈಗೂ ಮೆತ್ತಿದ ಗ್ರೀಸು, ಯಾರೋ ಮೆಕ್ಯಾನಿಕ್ಕು. ಊಟದ ಪ್ರಾರ್ಥನೆ ಅಂತ ಗುಮಾಸ್ತರು ಕೂತಲ್ಲಿಂದಲೇ ಹೇಳಿದರು.

ಆ ಮನುಷ್ಯ ಜೋರಾಗಿ ನಕ್ಕರು. "ಸರಿಯಾಗೇ ಇದೆಯಲ್ಲ. ಮೊದಲನೇ ಶಿಷ್ಯರೆಲ್ಲ ಮೀನುಗಾರರು. ಅವರಿಗೆ ಊಟ ಕೊಡ್ತಿದ್ದಿದ್ದು ದೋಣಿಯೇ."

ನಡುವೆ ಬಾಯಿ ಹಾಕಲು ನೀನು ಯಾರಯ್ಯ ಅಂತ ಸಾಹೇಬರು ಕೇಳಿದರು. ಆ ಮನುಷ್ಯ ದಾರಿಯಲ್ಲಿ ಕಾರಿನ ಎರಡು ಚಕ್ರ ಒಂದಾದ ಮೇಲೊಂದು ಗಾಳಿ ಬಿಟ್ಟವು, ತಡವಾಯಿತು, ಕ್ಷಮಿಸಬೇಕು ಅನ್ನುತ್ತ ಕೈಯನ್ನು ಒಂದು ಹಳೆಯ ಬಟ್ಟೆಗೆ ಒರೆಸಿಕೊಂಡರು. ಗ್ರೀಸಿನ ಅಡಿಯಿಂದ ಬೆರಳಲ್ಲಿ ಒಂದು ದೊಡ್ಡ ಹರಳಿನ ಉಂಗುರ ಹೊರಬಂತು. ಎರಡನೆಯ ದೋಣಿಯಿಂದ ಆಗ ತಾನೇ ಇಳಿಯುತ್ತಿದ್ದ ನಮ್ಮ ಕಾರ್ಯದರ್ಶಿಗಳು ಆ ಉಂಗುರ ಕಂಡವರೇ, ಒಂದು ಕಾಲು ದೋಣಿಯಲ್ಲಿ ಇರುವಾಗಲೇ ಇನ್ನೊಂದರ ಮಂಡಿಯೂರಿದರು.

ಬಿಷಪ್ಪರು ದೋಣಿಯನ್ನು ಕ್ರಮಪ್ರಕಾರ ಆಶೀರ್ವದಿಸಿದರು. ರಿಬ್ಬನ್ನನ್ನು ಮಾವನ ಕತ್ತರಿಯಿಂದಲೇ ಕತ್ತರಿಸಲಾಯಿತು. ನಡೆದದ್ದನ್ನೆಲ್ಲ ಮಾವ ಅವರಿಗೆ ಹೇಳಿದರು. ಬೋರ್ಡಿನ ಕಥೆಯನ್ನೂ ಬಿಡಲಿಲ್ಲ. ಸಾಹೇಬರ ಲಿಖಿತ ಹೇಳಿಕೆಯ ಮಾತು ಗಾಳಿಗೆ ಹೋಯಿತು. ಆದರೆ ಆಗ ನಾಲ್ಕೂವರೆ ದಾಟಿತ್ತು. ಇನ್ನೂ ಮೂರು ದೋಣಿ ಜನ ಆಚೆ ದಡದಲ್ಲಿ. ಅವರನ್ನು ಬಿಟ್ಟು ಬಸ್ಸು ಹೊರಡುವಂತಿಲ್ಲ. ಊರಿಗೆ ಒಂದು ಗಂಟೆಯ ಮೇಲಿನ ದಾರಿ. ಕಾರ್ಯದರ್ಶಿಗಳು ಗಡಿಯಾರ ತೆಗೆದು, ನನಗೇನೂ ಸಂತೋಷವಿಲ್ಲ, ಆದರೆ ಮಾತು ಮಾತೇ ಅಂದರು.

"ನಾನೂ ಅಲ್ಲಿಗೇ ಹೊರಟಿರೋದು" ಅಂದರು ಬಿಷಪ್ಪರು. "ಹತ್ತಿ ಎಲ್ರೂ. ಹೊಲಿಗೆ ದಾರಿಯಲ್ಲೇ ಆಗಲಿ."

ಕಾರು ಓಡಿಸಿದ್ದು ಬಿಷಪ್ಪರೇ. ಪಕ್ಕದಲ್ಲಿ ಗಡಿಯಾರ ಹಿಡಿದ ಕಾರ್ಯದರ್ಶಿಗಳು. ಹಿಂದೆ ಮಾವ, ಅತ್ತೆ, ನಾವಿಬ್ಬರು, ಎಲ್ಲರ ಮಡಿಲ ಮೇಲೂ ಹರಡಿದ ಅಂಗಿ. ಎರಡು ಸೂಜಿ, ಒಂದರಲ್ಲಿ ಮಾವ ಹೊಲಿಯುವಷ್ಟರಲ್ಲಿ ಇನ್ನೊಂದಕ್ಕೆ ನಾವು ದಾರ ಪೋಣಿಸಿ ಕೊಡುವುದು. ಮಾವನ ಕೈ ಅಷ್ಟು ವೇಗವಾಗಿ ಓಡುವುದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ; ಅತ್ತೆ ಕೂಡ ಕಂಡಿರಲಿಲ್ಲ ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಹಳ್ಳ ಬಂದಾಗೆಲ್ಲ ಸೂಜಿ ಯಾರದಾದರೂ ತೊಡೆಗೆ ಚುಚ್ಚುತ್ತಿತ್ತು. ಯಾರೂ ಕಿರುಚಲಿಲ್ಲ. ಹನ್ನೊಂದನೆಯ ಗುಂಡಿಗೆ ಬರುವಾಗ ಅತ್ತೆ ಮೆಲ್ಲಗೆ, ಆ ಕಾಜ ನಿಜಕ್ಕೂ ಚೆನ್ನಾಗಿ ಬಂದಿದೆ ಅಂದರು. ಮಾವನ ಸೂಜಿ ಒಂದು ಕ್ಷಣ ನಿಂತು ಮುಂದೆ ಹೋಯಿತು.

ಚರ್ಚಿನ ಅಂಗಳಕ್ಕೆ ಕಾರು ಬಂದಾಗ ಆರಕ್ಕೆ ನಾಲ್ಕು ನಿಮಿಷ. ಮೂವತ್ತೆರಡು ಗುಂಡಿ ಕೂತಿದ್ದವು. ಮೂವತ್ತಮೂರನೆಯದಕ್ಕೆ ಮಾವ ಜೇಬಿಗೆ ಕೈ ಹಾಕಿದರು. ಇನ್ನೊಂದು ಜೇಬಿಗೆ ಹಾಕಿದರು. ಸೀಟಿನ ಕೆಳಗೆ ನಾಲ್ಕು ಜನ ತಡಕಾಡಿದೆವು. ಆಗ ನನಗೆ ಆ ಮೀನಿನ ಸದ್ದು ನೆನಪಾಯಿತು.

ಒಳಕೋಣೆಯಲ್ಲಿ ಗುರುಗಳು ನೋಯುವ ಮಂಡಿಯನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಹಳೆಯ ನಿಲುವಂಗಿ ತೆಗೆಸಿ ಹೊಸದನ್ನು ತೊಡಿಸಿದೆವು. ಎಲ್ಲೂ ಒಂದು ಸುಕ್ಕಿಲ್ಲ. ಹೊಟ್ಟೆಯ ಹತ್ತಿರ ಸೀಳು ಬಾಯಿ ತೆರೆಯಲಿಲ್ಲ. ಗುರುಗಳು ತೋಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಕೊರಳಿನಿಂದ ಕೆಳಗೆ ಸಾಲಾಗಿ ಮೂವತ್ತೆರಡು ಗುಂಡಿ. ಪಾದದ ಹತ್ತಿರ ಕೊನೆಯ ಕಾಜ ಮಾತ್ರ ಖಾಲಿ.

ಕಾರ್ಯದರ್ಶಿಗಳು ಬಗ್ಗಿ ನೋಡಿದರು. ಕೆಮ್ಮಿದರು. ಅಷ್ಟು ಕೆಳಗೆ ಯಾರು ನೋಡುತ್ತಾರೆ, ಮಂಡಳಿಯ ಪರವಾಗಿ ನಾನು ಒಪ್ಪಿಕೊಳ್ಳುತ್ತೇನೆ ಅಂದರು. ಅವರ ಮೂವತ್ತು ವರ್ಷದ ನೌಕರಿಯಲ್ಲಿ ಇಂಥದೊಂದು ರಿಯಾಯಿತಿ ಆಗಿರಲಿಲ್ಲ.

ಮಾವ ತಲೆಯಾಡಿಸಿದರು. "ಬೇಡ. ಮೂವತ್ತಮೂರು ಅಂದ್ರೆ ಮೂವತ್ತಮೂರು." ಬೋರ್ಡು ಇಳಿಸಲು ಏಣಿ ಬೇಕು, ಗಂಟೆಯ ಗೋಪುರದ ಏಣಿಯನ್ನು ಕೊಡುತ್ತೀರಾ ಅಂತ ಗುರುಗಳನ್ನು ಕೇಳಿದರು.

ಗಂಟೆ ಶುರುವಾಯಿತು. ಮೂರು ಏಟು.

ಗುರುಗಳು ಕುರ್ಚಿಯ ಮೇಲೆ ಬಿದ್ದಿದ್ದ ಚಹಾ ಬಣ್ಣದ ಹಳೆಯ ನಿಲುವಂಗಿಯನ್ನು ಎಳೆದುಕೊಂಡರು. ಅದರ ಕೊರಳಿನ ಮೊದಲ ಗುಂಡಿಯನ್ನು ಹಿಡಿದು ತಿರುಚಿದರು. ಬರಲಿಲ್ಲ. ಮತ್ತೆ ಮೂರು ಏಟು. ಇನ್ನೊಮ್ಮೆ ತಿರುಚಿದರು. "ಐವತ್ತು ವರ್ಷದಿಂದ ಒಂದು ದಿನಾನೂ ಸಡಿಲ ಆಗಿಲ್ಲ ಇದು" ಅಂದರು. "ಯಾವ ತಜ್ಞರು ಹಾಕಿದ್ದೋ." ಮತ್ತೆ ಮೂರು. ಅತ್ತೆ ಮುಂದೆ ಬಂದು ಕತ್ತರಿಗಾಗಿ ಬುಟ್ಟಿ ಹುಡುಕಿದರು; ಬುಟ್ಟಿ ಕಾರಿನಲ್ಲೇ ಉಳಿದಿತ್ತು. ಕೊನೆಗೆ ಗುರುಗಳು ಒಮ್ಮೆ ಜೋರಾಗಿ ಎಳೆದಾಗ ಗುಂಡಿ ಕಿತ್ತು ಬಂತು. ಅದನ್ನು ಮಾವನ ಅಂಗೈಯಲ್ಲಿ ಇಟ್ಟರು.

ಕೊನೆಯ ಒಂಬತ್ತು ಏಟು ಶುರುವಾಗಿತ್ತು. ಮಾವ ಗುರುಗಳ ಪಾದದ ಬಳಿ ಕೂತರು. ನಾನು ದಾರ ಪೋಣಿಸಲು ಹೋದೆ. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಮಾವನ ಮಗಳು ಕಿತ್ತುಕೊಂಡಳು, ಅವಳಿಗೂ ಹೋಗಲಿಲ್ಲ. ಅತ್ತೆ ಇಬ್ಬರನ್ನೂ ಸರಿಸಿ, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿ ಗಂಡನ ಕೈಗೆ ಕೊಟ್ಟರು. ಕಾರ್ಯದರ್ಶಿಗಳು ತಮಗೆ ಗೊತ್ತಿಲ್ಲದೆಯೇ ಗಟ್ಟಿಯಾಗಿ ಎಣಿಸುತ್ತಿದ್ದರು. ಹದಿನಾರು. ಹದಿನೇಳು. ಸೂಜಿ ಮೊದಲ ಸಲ ಗುಂಡಿಯ ಕಣ್ಣೊಳಗೆ ಇಳಿಯಿತು.

"ಹದಿನೆಂಟು" ಅಂದರು ಕಾರ್ಯದರ್ಶಿಗಳು, ಕಣ್ಣು ಮುಚ್ಚಿಕೊಂಡು.

ಢಣ್ ಅಂತ ಇನ್ನೊಂದು ಏಟು ಬಿತ್ತು.

ಕಾರ್ಯದರ್ಶಿಗಳು ಕಣ್ಣು ತೆರೆದು ಮೇಲೆ ನೋಡಿದರು. ಇಪ್ಪತ್ತು. ಇಪ್ಪತ್ತೊಂದು. ಎಲ್ಲರೂ ಒಟ್ಟಿಗೆ ಗೋಪುರದ ಬಾಗಿಲಿನ ಕಡೆ ತಿರುಗಿದೆವು. ಬಾಗಿಲು ತೆರೆದಿತ್ತು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಗ್ರೀಸು ಮೆತ್ತಿದ ಷರಟಿನಲ್ಲಿ ಬಿಷಪ್ಪರು ಮೇಲೇಳುತ್ತ ಕೆಳಗಿಳಿಯುತ್ತ ಗಂಟೆ ಬಾರಿಸುತ್ತಿದ್ದರು. ಕಣ್ಣು ಮಾತ್ರ ಮಾವನ ಸೂಜಿಯ ಮೇಲೆ. ಪಕ್ಕದಲ್ಲಿ ಗಂಟೆ ಬಾರಿಸುವ ಮುದುಕ ಕೈಕಟ್ಟಿ ನಿಂತು, ತನ್ನ ಕೆಲಸ ಹೋಯಿತೋ ಏನೋ ಅನ್ನುವ ಹಾಗೆ ನೋಡುತ್ತಿದ್ದ.

"ಮಾತು ಆಗಿದ್ದು ಗಂಟೆ ನಿಲ್ಲೋ ಬಗ್ಗೆ" ಅಂದರು ಕಾರ್ಯದರ್ಶಿಗಳು ಗಂಭೀರವಾಗಿ, ಗಡಿಯಾರವನ್ನು ಜೇಬಿಗೆ ಇಳಿಸುತ್ತ. "ಗಂಟೆ ಇನ್ನೂ ನಿಂತಿಲ್ಲ."

ಹೊರಗೆ ಬ್ರೆಡ್ಡಿನ ಅಂಗಡಿಯವರು ಹಿಟ್ಟಿನ ಕೈಯಲ್ಲೇ ಓಡಿಬಂದು ಎಲ್ಲಿ ಬೆಂಕಿ ಬಿತ್ತು ಅಂತ ಕೇಳುತ್ತಿದ್ದರು. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಮೂವತ್ತು. ಮೂವತ್ತೊಂದು. ಮಾವ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ನಾಲ್ಕು ಸಲ ಮೇಲೆ, ನಾಲ್ಕು ಸಲ ಕೆಳಗೆ, ಗುಂಡಿಯ ಅಡಿಯಲ್ಲಿ ಮೂರು ಸುತ್ತು, ಒಂದು ಗಂಟು, ಗಂಟಿನ ಮೇಲೆ ಇನ್ನೊಂದು. ಚಹಾ ಬಣ್ಣದ ಗುಂಡಿಯನ್ನು ಬಿಳಿಯ ಕಾಜದೊಳಗೆ ತೂರಿಸಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು. ಆಮೇಲೆ ಬಗ್ಗಿ, ಗುರುಗಳ ಅಂಗಿಯ ಅಂಚಿಗೆ ಮುಖ ತಂದು, ದಾರವನ್ನು ಹಲ್ಲಿನಿಂದ ಕಡಿದರು.

ಗಂಟೆ ನಿಂತಿತು.